ಯಾರ ಕೈಯ ಕಪ್ಪು

ಬಾಣಲೆಯಮ್ಮ ಜಗತ್ತನ್ನು ಎರಡು ಪಾಲು ಮಾಡಿಟ್ಟಿದ್ದಳು. ಒಂದು ಪಾಲಿನಲ್ಲಿ ಕಬ್ಬಿಣದ ಬಾಣಲೆಗೆ ಸೋಪು ಹಾಕಿ ಉಜ್ಜುವ ಜನ, ಇನ್ನೊಂದು ಪಾಲಿನಲ್ಲಿ ತಾನು. ಮೊದಲ ಪಾಲಿನಲ್ಲಿ ಡಾಕ್ಟರು, ಮೇಷ್ಟರು, ಬಸ್ ಡಿಪೋದ ಮ್ಯಾನೇಜರು, ಹೊಟ್ಟೆಯಲ್ಲಿ ಹುಟ್ಟಿದ ಮಗ, ಮನೆಗೆ ಬಂದ ಸೊಸೆ ಎಲ್ಲರೂ ಇದ್ದರು. ಎರಡನೆಯ ಪಾಲಿನಲ್ಲಿ ಮೊದಲು ಅವಳ ಅತ್ತೆಯೂ ಇದ್ದಳು. ಅತ್ತೆ ಸತ್ತ ಮೇಲೆ ಆ ಜಾಗವೆಲ್ಲ ಇವಳೊಬ್ಬಳದೇ ಆಯಿತು, ಇವಳೂ ಕಾಲು ಚಾಚಿ ಕೂತಳು.

ಡಿಪೋದ ಹಿಂದಿನ ಗೇಟಿಗೆ ಅಂಟಿಕೊಂಡಂತೆ ತಗಡಿನ ಮಾಡಿನ ಒಂದು ಅಂಗಡಿ. ಮೂರು ಬೆಂಚು, ಒಂದು ಇದ್ದಿಲ ಒಲೆ, ಅದರ ಮೇಲೆ ಎರಡು ಕಿವಿಯ, ಅಗಲ ಬಾಯಿಯ ಬೀಡು ಕಬ್ಬಿಣದ ಬಾಣಲೆ. ಅಲ್ಲಿ ಸಿಗುತ್ತಿದ್ದದ್ದು ಒಂದೇ ತಿಂಡಿ: ಈರುಳ್ಳಿ ಹಾಕಿ ಹೊಯ್ದ ಮೊಟ್ಟೆ, ಜೊತೆಗೆ ಅದೇ ಬಾಣಲೆಯಲ್ಲಿ ಕೆಂಪಗೆ ಕಾಯಿಸಿದ ಎರಡು ತುಂಡು ಬ್ರೆಡ್ಡು. ಬೆಳಗಿನ ಪಾಳಿಗೆ ಹೋಗುವ ಡ್ರೈವರು, ರಾತ್ರಿ ಪಾಳಿ ಮುಗಿಸಿ ಬಂದ ಮೆಕ್ಯಾನಿಕ್ಕು, ಕಂಡಕ್ಟರು ಎಲ್ಲರೂ ಅದನ್ನೇ ತಿನ್ನುತ್ತಿದ್ದರು. ಬೇರೆ ಏನಾದರೂ ಕೇಳಿದವನನ್ನು ಬಾಣಲೆಯಮ್ಮ ಮೇಲಿಂದ ಕೆಳಗೆ ಒಮ್ಮೆ ನೋಡುತ್ತಿದ್ದಳು. ಅಷ್ಟಕ್ಕೇ ಅವನು ಬೆಂಚಿನ ತುದಿಗೆ ಸರಿದು ಮೊಟ್ಟೆಯನ್ನೇ ಕೇಳುತ್ತಿದ್ದ.

ಆ ಬಾಣಲೆಯಲ್ಲಿ ಮೊಟ್ಟೆ ಅಂಟುತ್ತಿರಲಿಲ್ಲ. ಹೊಯ್ದು, ಅಂಚು ಬೆಂದ ಮೇಲೆ ಕಿವಿ ಹಿಡಿದು ಒಂದು ಸಲ ಅಲುಗಾಡಿಸಿದರೆ ಸಾಕು, ಮೊಟ್ಟೆ ಇಡಿಯಾಗಿ ಜಾರಿ ತಟ್ಟೆಗೆ ಬರುತ್ತಿತ್ತು. ಜಾರಿದಾಗಲೆಲ್ಲ ಬಾಣಲೆಯಮ್ಮ ಸಟ್ಟುಗದಿಂದ ಬಾಣಲೆಯ ಹೊಟ್ಟೆ ಕುಟ್ಟಿ ಹೇಳುತ್ತಿದ್ದಳು: "ನೋಡಿದ್ರಾ? ಇದು ನಮ್ಮತ್ತೆ ಕೈಯ ಕಪ್ಪು. ನಲವತ್ತು ವರ್ಷದ್ದು. ಅಂಗಡೀಲಿ ಸಿಗಲ್ಲ." ಕೇಳಿ ಕೇಳಿ ಕಿವಿ ತೂತಾದ ಕಂಡಕ್ಟರುಗಳು ಅವಳಿಗಿಂತ ಮೊದಲೇ "ನಲವತ್ತು ವರ್ಷ" ಎಂದುಬಿಡುತ್ತಿದ್ದರು. ಅವಳಿಗೆ ಅದು ತಮಾಷೆ ಎಂದು ಒಂದು ದಿನವೂ ಹೊಳೆಯಲಿಲ್ಲ.

ಎದುರು ಸಾಲಿನಲ್ಲಿ ಪಾತ್ರೆ ಅಂಗಡಿಯವನೊಬ್ಬನಿದ್ದ. ಹೂವಿನ ಚಿತ್ರದ, ಬಣ್ಣ ಬಳಿದ, ಏನೂ ಅಂಟುವುದಿಲ್ಲ ಎಂದು ಚೀಟಿ ಹಚ್ಚಿದ ಬಾಣಲೆಗಳನ್ನು ಬಾಗಿಲಿಗೆ ತೂಗುಹಾಕುತ್ತಿದ್ದ. ಬಾಣಲೆಯಮ್ಮ ಅವನ ಅಂಗಡಿಯ ಕಡೆ ತಿರುಗಿಯೇ ಉಗುಳುತ್ತಿದ್ದಳು. "ಅದಕ್ಕೆ ಕಾವು ಜಾಸ್ತಿ ಆಗ್ಬಾರ್ದಂತೆ, ಸಟ್ಟುಗ ತಾಗ್ಬಾರ್ದಂತೆ, ಎರಡು ವರ್ಷಕ್ಕೆ ಹಾವಿನ ಪೊರೆ ಥರ ಸುಲೀತದಂತೆ. ಅಡುಗೆ ಮಾಡೋಕಾ, ಆರತಿ ಎತ್ತೋಕಾ?" ಎನ್ನುತ್ತಿದ್ದಳು. ಅವನೂ ಬಿಡುವ ಆಸಾಮಿಯಲ್ಲ. "ನಿಮ್ಮ ಬಾಣಲೆ ತೊಳೆದ್ರೆ ಒಂದು ಕೆ.ಜಿ. ಇಳಿಯುತ್ತೆ ಬಿಡಿ ಅಮ್ಮಾ" ಎಂದು ಅಲ್ಲಿಂದಲೇ ಕೂಗುತ್ತಿದ್ದ.

ಹಾಗೆ ನೋಡಿದರೆ ಆ ವಿದ್ಯೆಯಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಕೊನೆಯ ಗಿರಾಕಿ ಎದ್ದ ಮೇಲೆ, ಬಾಣಲೆ ಇನ್ನೂ ಬೆಚ್ಚಗಿರುವಾಗಲೇ ಮರದ ಸಟ್ಟುಗದಿಂದ ಕೆರೆಯಬೇಕು. ಒಂದು ಹಿಡಿ ಕಲ್ಲುಪ್ಪು ಹಾಕಿ ದಪ್ಪ ಬಟ್ಟೆಯಿಂದ ತಿಕ್ಕಿ, ಉಪ್ಪು ಕೊಡವಿ, ಬಿಸಿ ನೀರಿನಲ್ಲಿ ಒಮ್ಮೆ ಗಲಬರಿಸಬೇಕು. ತಣ್ಣೀರು ಸುರಿದರೆ ಬೀಡು ಸೀಳಿಕೊಳ್ಳುತ್ತದೆ. ಮತ್ತೆ ಒಲೆಗಿಟ್ಟು ನೀರಿನ ಕೊನೆಯ ಹನಿಯೂ ಆರುವವರೆಗೆ ಕಾಯಿಸಿ, ನಾಲ್ಕು ತೊಟ್ಟು ಎಣ್ಣೆ ಸವರಿ, ಆಮೇಲೆ ಒಣ ಬಟ್ಟೆಯಿಂದ, ಹಚ್ಚಿದ್ದೇ ತಪ್ಪಾಯಿತು ಎನ್ನುವ ಹಾಗೆ ಪೂರ್ತಿ ಒರೆಸಿಬಿಡಬೇಕು. ಎಣ್ಣೆ ಉಳಿದರೆ ಅಂಟು, ನೀರು ಉಳಿದರೆ ತುಕ್ಕು. ಬುದ್ಧಿ ಇರುವವರಿಗೆ ಒಂದು ವಾರದ ಪಾಠ. ಬಾಣಲೆಯಮ್ಮ ಮಾತ್ರ ಅದನ್ನು ತನ್ನ ಮನೆತನಕ್ಕೇ ಇಳಿದು ಬಂದ ಮಂತ್ರವೆಂದು ಇಟ್ಟುಕೊಂಡಿದ್ದಳು.

ಸೊಸೆ ಬಂದ ಮೊದಲ ವಾರದಲ್ಲೇ ಎಡವಿದ್ದಳು. ಅತ್ತೆಗೆ ನೆರವಾಗಲೆಂದು ಬಾಣಲೆಯನ್ನು ನಲ್ಲಿಯ ಕೆಳಗಿಟ್ಟು, ಸೋಪಿನ ಪುಡಿ ಹಾಕಿ ತಿಕ್ಕಲು ಶುರು ಮಾಡಿದಳು. ಬಾಣಲೆಯಮ್ಮ ಕಿತ್ತುಕೊಂಡದ್ದಷ್ಟೇ ಅಲ್ಲ, ಮೂರು ಬೆಂಚಿನ ಜನರ ಮುಂದೆ ನಿಲ್ಲಿಸಿ ಅವಳ ಅಪ್ಪ, ಅಮ್ಮ, ಅವಳ ಊರಿನ ನೀರು ಎಲ್ಲವನ್ನೂ ಜಾಲಾಡಿದಳು. ಅಂದಿನಿಂದ ಸೊಸೆಯ ಪಾಲಿಗೆ ಮೂರು ಕೆಲಸ: ಈರುಳ್ಳಿ ಹೆಚ್ಚುವುದು, ಬೆಂಚು ಒರೆಸುವುದು, ನೀರು ತರುವುದು. ಹೆಸರೂ ಹೋಯಿತು. "ಏ ಈರುಳ್ಳಿ" ಎಂದರೆ ಅವಳೇ. ಹನ್ನೊಂದು ವರ್ಷ ಅವಳು ಆ ಹೆಸರಿಗೆ ಓಗೊಟ್ಟಳು. ಅವಳ ಗಂಡ, ಅಂದರೆ ಬಾಣಲೆಯಮ್ಮನ ಮಗ, ಡಿಪೋದಲ್ಲಿ ಟೈರು ಬದಲಿಸುತ್ತಿದ್ದ. ಬಸ್ಸಿನ ಚಕ್ರ ಎತ್ತುವ ತೋಳಿತ್ತು, ಅಮ್ಮನ ಎದುರಿಗೆ ನಾಲಗೆ ಎತ್ತುವ ಧೈರ್ಯವಿರಲಿಲ್ಲ.

ಮಗಳ ಲೆಕ್ಕ ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಊರಿನ ಇನ್ನೊಂದು ತುದಿಯಲ್ಲಿ, ನಾಲ್ಕನೇ ಮಹಡಿಯ ಮನೆಯಲ್ಲಿದ್ದ ಮಗಳು ತಿಂಗಳಿಗೊಮ್ಮೆ ಬಂದು, ಬೆಂಚಿನ ಮೇಲೆ ಕರ್ಚೀಫು ಹಾಸಿ ಕೂತು, ಮೊಟ್ಟೆ ತಿಂದು, "ಅಮ್ಮಾ, ನಿನ್ನ ಕೈರುಚಿ ಯಾರಿಗೂ ಬರಲ್ಲ" ಎಂದು ಹೋಗುತ್ತಿದ್ದಳು. ಆ ಒಂದು ಮಾತಿನ ಮೇಲೆ ಬಾಣಲೆಯಮ್ಮ ತಿಂಗಳು ಕಳೆಯುತ್ತಿದ್ದಳು. ಮಗಳು ಒಮ್ಮೆಯೂ ಒಲೆಯ ಹತ್ತಿರ ಬಂದಿರಲಿಲ್ಲ ಎನ್ನುವುದು ಅವಳ ಲೆಕ್ಕಕ್ಕೇ ಬರಲಿಲ್ಲ.

ಹೀಗಿರುವಾಗ ಬಾಣಲೆಯಮ್ಮನ ಮಣಿಕಟ್ಟು ಕೈಕೊಟ್ಟಿತು. ಒಂದು ಬೆಳಿಗ್ಗೆ ಬಾಣಲೆ ಎತ್ತಲು ಹೋದವಳು ಹಾಗೇ ಕೂತುಬಿಟ್ಟಳು. ಡಾಕ್ಟರು ಮಣಿಕಟ್ಟು ನೋಡಿ, ಮಂಡಿ ನೋಡಿ, ಇನ್ನು ಭಾರ ಎತ್ತುವುದು, ನಿಂತು ಕೆಲಸ ಮಾಡುವುದು ಎರಡೂ ಬೇಡ ಎಂದರು. ಬಾಣಲೆಯಮ್ಮನಿಗೆ ಡಾಕ್ಟರ ಮೇಲೂ ಗೌರವವಿರಲಿಲ್ಲ, ಆದರೆ ಮಣಿಕಟ್ಟಿನ ಎದುರು ಅವಳ ದರ್ಪ ನಡೆಯಲಿಲ್ಲ. ಒಲೆ ಆರಿಸಿ ಕೂರುವ ಹಾಗೂ ಇರಲಿಲ್ಲ. ಡಿಪೋದವರ ಕಟ್ಟಳೆಯ ಪ್ರಕಾರ ಹದಿನೈದು ದಿನ ಬಾಗಿಲು ಹಾಕಿದ ಅಂಗಡಿಯ ಜಾಗ ಬೇರೆಯವರಿಗೆ ಹೋಗುತ್ತದೆ. ಪಾತ್ರೆ ಅಂಗಡಿಯವನು ಆಗಲೇ ತನ್ನ ಭಾವಮೈದುನನನ್ನು ಕರೆತಂದು, ದೂರದಿಂದ ಅಳತೆ ನೋಡಿಸುತ್ತಿದ್ದ. ಒಲೆಯ ಮುಂದೆ ಯಾರನ್ನಾದರೂ ಕೂರಿಸಲೇಬೇಕಿತ್ತು. ಇಲ್ಲದಿದ್ದರೆ ಅತ್ತೆ ಹಚ್ಚಿದ ಒಲೆ ತನ್ನ ಕಾಲಕ್ಕೇ ನಂದಿಹೋಗುತ್ತದೆಂಬ ಅಳುಕು ಅವಳನ್ನು ತಿನ್ನತೊಡಗಿತು.

ಬಾಣಲೆ ಎತ್ತಿಟ್ಟುಕೊಡಲು ಬಂದಿದ್ದ ಮಗ ಬೆನ್ನು ಕೆರೆದುಕೊಳ್ಳುತ್ತಾ, "ಇವಳು ನೋಡ್ಕೋತಾಳಲ್ಲಮ್ಮ" ಎಂದ. ಸೊಸೆ ಅಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು. ಬೆಂಚುಗಳ ತುಂಬ ಜನವಿದ್ದರು.

"ಇವಳಾ?" ಬಾಣಲೆಯಮ್ಮ ತುಟಿ ಕೊಂಕಿಸಿದಳು. "ಬಾಣಲೆ ರಕ್ತಕ್ಕೆ ಹೋಗ್ಬೇಕು, ನನ್ನ ಮಗಳಿಗೆ ಹೋಗುತ್ತೆ. ಈರುಳ್ಳಿ ಹೆಚ್ಚೋ ಕೈಗೆ ಕೊಟ್ರೆ ನಮ್ಮತ್ತೆ ಎದ್ದು ಬಂದು ನನ್ನ ಕೆನ್ನೆಗೆ ಹೊಡೀತಾಳೆ."

ಬೆಂಚಿನಲ್ಲಿದ್ದವರು ನಕ್ಕರು. ಅದೂ ಅವಳ ದಿನನಿತ್ಯದ ವರಸೆಯೇ ಎಂದುಕೊಂಡು ನಕ್ಕರು. ಸೊಸೆ ಹೆಚ್ಚಿದ ಈರುಳ್ಳಿಯನ್ನು ಬೋಗುಣಿಗೆ ಸುರಿದು, ಕೈ ಒರೆಸಿಕೊಂಡು, ನೀರಿಗೆ ಹೋದಳು.

ಮಗಳು ಒಪ್ಪಿಕೊಂಡಳು. ಅಂಗಡಿಯನ್ನು ಚೆಂದ ಮಾಡಿ, ಗೋಡೆಗೆ ಬಣ್ಣ ಬಳಿಸಿ, ಮೊಟ್ಟೆ ಹೊಯ್ಯಲು ಒಬ್ಬ ಆಳನ್ನಿಟ್ಟರಾಯಿತು ಎನ್ನುವುದು ಅವಳ ಅಂದಾಜು. "ಎರಡು ದಿನ ಬಾಣಲೆ ಮನೇಗೆ ಒಯ್ತೀನಮ್ಮ, ಕೈ ಪಳಗಲಿ" ಎಂದು ಶನಿವಾರ ಆಟೋದಲ್ಲಿ ಇಟ್ಟುಕೊಂಡು ಹೋದಳು. ಆಟೋ ತಿರುವು ದಾಟುವವರೆಗೆ ಬಾಣಲೆಯಮ್ಮ ಗೇಟಿನ ಹತ್ತಿರ ನಿಂತು ಕಣ್ಣೊರೆಸಿಕೊಂಡಳು. ತನ್ನ ಮದುವೆಯ ದಿನ ತಾಯಿಯನ್ನು ಬಿಟ್ಟು ಹೊರಡುವಾಗಲೂ ಅವಳು ಅಷ್ಟು ಕಣ್ಣೀರು ಹಾಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಮಗಳು ಬಂದಳು, ಹಿಂದೆ ಅವಳ ಗಂಡ. ಬಾಣಲೆಯನ್ನು ಬಿಳೀ ಟವೆಲ್ಲಿನಲ್ಲಿ ಸುತ್ತಿದ್ದರು. ಬೆಂಚಿನ ಜನ ಕತ್ತು ಚಾಚಿದರು. ಮಗಳು ಟವೆಲ್ಲು ತೆಗೆದಳು.

"ನೋಡಮ್ಮ! ನಲವತ್ತು ವರ್ಷದ ಕೊಳೆ! ಬಟ್ಟೆ ಸೋಡದಲ್ಲಿ ಕುದಿಸಿ, ವಿನೆಗರಲ್ಲಿ ನೆನೆಹಾಕಿ, ಆಮೇಲೆ ಇವರು ಡ್ರಿಲ್ ಮೆಷಿನ್ನಿಗೆ ತಂತಿ ಬ್ರಷ್ಷು ಹಾಕಿ ಉಜ್ಜಿದ್ರು. ಭಾನುವಾರ ಪೂರ್ತಿ ಇದೇ ಕೆಲಸ. ಬೆಳ್ಳಿ ಥರ ಬಂದಿದೆ."

ಬಂದಿತ್ತು. ಒಳಗೆ ಹೊರಗೆ ಬೂದು ಬಣ್ಣದ ಬೋಳು ಕಬ್ಬಿಣ. ಆಟೋದಲ್ಲಿ ಬರುವಷ್ಟರಲ್ಲೇ ಅಂಚಿಗೆ ಕೆಂಪು ಹತ್ತತೊಡಗಿತ್ತು. ಅಳಿಯ, ಬಹುಮಾನ ತೆಗೆದುಕೊಳ್ಳಲು ಬಂದವನ ಹಾಗೆ, ಎದೆ ಸೆಟೆಸಿ ನಿಂತಿದ್ದ.

ಯಾವ ಕಪ್ಪಿನ ಮೇಲೆ ನಿಂತು ಬಾಣಲೆಯಮ್ಮ ಲೋಕವನ್ನೆಲ್ಲ ಕೀಳಾಗಿ ಕಂಡಿದ್ದಳೋ ಅದನ್ನು ಅವಳ ಕಣ್ಮಣಿ ಕೊಳೆ ಎಂದು ತೆಗೆದುಹಾಕಿದ್ದಳು. ಸೋಪು ಹಾಕಿದ ಸೊಸೆಗೆ ಏಳು ತಲೆಮಾರಿನ ಬೈಗುಳ ಸುರಿಸಿದವಳು ಈಗ ಅಂಚಿನ ಕೆಂಪನ್ನು ಸೆರಗಿನಿಂದ ಒರೆಸತೊಡಗಿದಳು. ಮಗಳು ಉತ್ಸಾಹದಲ್ಲಿ ಒಲೆಗಿಟ್ಟು ಒಂದು ಮೊಟ್ಟೆ ಒಡೆದು ಹಾಕಿದಳು. ಅದು ಬಿದ್ದ ಜಾಗದಲ್ಲೇ ಹಿಡಿದುಕೊಂಡಿತು. ಕೆರೆದರೆ ಚಿಂದಿಯಾಗಿ ಬಂತು, ಅರ್ಧ ಬಾಣಲೆಯಲ್ಲೇ ಉಳಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಬಾಣಲೆನೇ ಸರಿ ಇಲ್ಲಮ್ಮ. ಎದುರಂಗಡೀಲಿ ಒಂದು ಹೊಸದು ತಗೊಂಡ್ಬಿಡು" ಎಂದಳು ಮಗಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೊಗೆಗೆ ಕಣ್ಣುರಿ ಬಂದು, ಸೆರಗಿಗೆ ಎಣ್ಣೆ ಸಿಡಿದು, ಹತ್ತು ನಿಮಿಷದಲ್ಲಿ ಅವಳಿಗೆ ಅಂಗಡಿ ಸಾಕಾಯಿತು. ಮನೆಯಲ್ಲಿ ಗ್ಯಾಸಿನವನು ಬರುತ್ತಾನೆಂದು ಹೇಳಿ ಗಂಡನನ್ನು ಕರೆದುಕೊಂಡು ಹೊರಟಳು. ಎದುರಂಗಡಿಯವನು ಮಾತ್ರ ಆ ದಿನ ಏನೂ ಕೂಗಲಿಲ್ಲ. ಬಾಗಿಲಲ್ಲಿ ನಿಂತು ಮೀಸೆಯಡಿ ನಗುತ್ತಿದ್ದ, ಅದು ಕೂಗಿದ್ದಕ್ಕಿಂತ ಕೆಟ್ಟದಾಗಿತ್ತು.

ಬಾಣಲೆಯಮ್ಮ ಬಾಣಲೆಯನ್ನು ಎದುರಿಗಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಳು. ಮತ್ತೆ ಪಳಗಿಸಬೇಕೆಂದರೆ ಮಣಿಕಟ್ಟು ಇಲ್ಲ. ಅಲ್ಲದೆ ನಲವತ್ತು ವರ್ಷವನ್ನು ಎಲ್ಲಿಂದ ತರುವುದು? ಸೊಸೆ ಬೆಂಚು ಒರೆಸಿ ಮುಗಿಸಿದಳು. ಬಂದು, ಒಂದು ಮಾತೂ ಕೇಳದೆ, ಬಾಣಲೆಯನ್ನು ಎತ್ತಿಕೊಂಡು ಹಿಂದುಗಡೆ ಹೋದಳು. ಬಾಣಲೆಯಮ್ಮ ಬೈಯಲೆಂದು ಬಾಯಿ ತೆರೆದಳು. ಬೈದರೆ ಉಳಿಯುವುದೇನು ಎಂದು ತೋಚಿತೋ ಏನೋ, ಬಾಯಿ ಮುಚ್ಚಿಕೊಂಡು ಹಿಂದೆಯೇ ಕುಂಟುತ್ತಾ ಹೋದಳು.

ಸೊಸೆ ಕೆಂಪು ಹತ್ತಿದಲ್ಲೆಲ್ಲ ಉಪ್ಪಿನಿಂದ ತಿಕ್ಕಿ, ತೊಳೆದು, ಇದ್ದಿಲ ಮೇಲಿಟ್ಟು ಒಣಗಿಸಿದಳು. ಅಗಸೆ ಎಣ್ಣೆಯನ್ನು ಹನಿ ಹನಿಯಾಗಿ ಸವರಿ, ಎಣ್ಣೆಯೇ ಇಲ್ಲವೆನ್ನುವಷ್ಟು ಒರೆಸಿದಳು. ಮತ್ತೆ ಕೆಂಡಕ್ಕಿಟ್ಟು, ಹೊಗೆ ಏಳುವುದು ನಿಲ್ಲುವವರೆಗೆ ಕಾದಳು. ಆರಿದ ಮೇಲೆ ಇನ್ನೊಂದು ಸುತ್ತು. ದಿನಕ್ಕೆ ನಾಲ್ಕು ಸುತ್ತಿನಂತೆ ಮೂರು ದಿನ. ಬೂದು ಹೋಗಿ ಹಳದಿ ಬಂತು, ಹಳದಿ ಹೋಗಿ ಕಂದು ಬಂತು. ಬಾಣಲೆಯಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು, ಬೆಣ್ಣೆಯಲ್ಲಿ ಕಲ್ಲು ಹುಡುಕುವವಳ ಹಾಗೆ, ತಪ್ಪು ಹುಡುಕುತ್ತಾ ಕೂತಳು. ಮೂರನೆಯ ದಿನ ಒಂದು ಸಿಕ್ಕಿತು.

"ಅದ್ಯಾಕೆ ಕವುಚಿ ಇಡ್ತೀಯ? ನಮ್ಮತ್ತೆ ಒಂದಿನಾನೂ ಕವುಚಿ ಇಟ್ಟೋಳಲ್ಲ."

"ನೆಟ್ಟಗಿಟ್ರೆ ಎಣ್ಣೆ ಇಳಿದು ನಡುವೆ ನಿಲ್ಲುತ್ತೆ ಅತ್ತೆ, ಅಲ್ಲೇ ಅಂಟಾಗುತ್ತೆ. ಹೋದ ಸಲ ಹಾಗೇ ಆಗಿ, ಪೂರ್ತಿ ಕೆರೆದು ಮೊದಲಿಂದ ಮಾಡ್ಬೇಕಾಯ್ತು."

"ಹೋದ ಸಲ ಅಂದ್ರೆ?"

ಸೊಸೆ ಕೆಂಡ ಕೆದಕುತ್ತಲೇ ಹೇಳಿದಳು. "ಆರು ವರ್ಷದ ಹಿಂದೆ. ಪಿತ್ತಕೋಶದ ಕಲ್ಲು ಅಂತ ನೀವು ಹನ್ನೆರಡು ದಿನ ಆಸ್ಪತ್ರೇಲಿದ್ರಲ್ಲ. ನಿಮ್ಮ ಮಗ ತಾವೇ ಏನೋ ಬೇಯಿಸೋಕೆ ಹೋಗಿ, ತಳ ಹಿಡಿಸಿ, ನೀರು ಹಾಕಿ ನೆನೆಯೋಕೆ ಇಟ್ರು. ಇಟ್ಟೋರು ಮರೆತ್ರು. ನಾನು ನಿಮ್ಮ ಜೊತೆ ಆಸ್ಪತ್ರೇಲಿದ್ದೆ. ನಡುವೆ ಒಮ್ಮೆ ಮನೆಗೆ ಬಂದು ನೋಡಿದ್ರೆ ಒಳಗೆಲ್ಲ ಕೆಂಪು, ಕಪ್ಪು ಚಕ್ಕೆ ಚಕ್ಕೆಯಾಗಿ ಏಳ್ತಿತ್ತು. ಎಲ್ಲ ತೆಗೆದುಹಾಕಿ, ನೀವು ಬರೋಷ್ಟರಲ್ಲಿ ಕಪ್ಪಾಗ್ಲಿ ಅಂತ ರಾತ್ರಿಯೆಲ್ಲ ಸುತ್ತು ಹಾಕಿ ಹೊಸದಾಗಿ ಪಳಗಿಸಿದೆ."

"ಸುಳ್ಳು!"

"ಸುಳ್ಳಾದ್ರೆ ಸುಳ್ಳು."

"ಯಾರೇ ಹೇಳಿಕೊಟ್ಟಿದ್ದು ನಿಂಗೆ?"

"ನೀವೇ. ದಿನಾ ಒಬ್ಬೊಬ್ರನ್ನ ಬೈತಿದ್ರಲ್ಲ, ಅವನಿಗೆ ಒರೆಸೋಕೆ ಬರಲ್ಲ, ಇವಳು ತಣ್ಣೀರು ಸುರೀತಾಳೆ ಅಂತ. ಈರುಳ್ಳಿ ಹೆಚ್ಚೋರಿಗೂ ಕಿವಿ ಇರುತ್ತೆ."

ಸಂಜೆ ಮಗ ಬಂದಾಗ ಬಾಣಲೆಯಮ್ಮ ಅವನನ್ನು ಗೇಟಿನಲ್ಲೇ ಹಿಡಿದಳು. ಅವನು ಮೊದಲು ಆಕಾಶ ನೋಡಿದ, ಆಮೇಲೆ ಕಾಲು ನೋಡಿಕೊಂಡ, ಕೊನೆಗೆ "ನಿಂಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತೀಯ ಅಂತ ಅವಳೇ ಮುಚ್ಚಿಟ್ಳು" ಎಂದ. ಅಲ್ಲಿಗೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮೊಟ್ಟೆ ಮೊದಲಿಗಿಂತ ಸಲೀಸಾಗಿ ಜಾರುತ್ತಿದ್ದದ್ದು ಬಾಣಲೆಯಮ್ಮನಿಗೆ ನೆನಪಿತ್ತು. ಸತ್ತ ಅತ್ತೆಯ ಆಶೀರ್ವಾದವೆಂದು ಆಗ ಕೈಮುಗಿದಿದ್ದಳು. ಆರು ವರ್ಷ, ದಿನಕ್ಕೆ ಹತ್ತು ಸಲ, ಸಟ್ಟುಗ ಕುಟ್ಟಿ ಕುಟ್ಟಿ ಹೊಗಳಿದ್ದು ಸೊಸೆಯ ಕೆಲಸವನ್ನು. ಹೊಗಳುತ್ತಲೇ ಪಕ್ಕದಲ್ಲಿದ್ದವಳನ್ನು "ಏ ಈರುಳ್ಳಿ" ಎಂದು ಕೂಗಿದ್ದು ತಾನೇ. ಕಪ್ಪಿನ ಗುರುತು ತನಗೊಬ್ಬಳಿಗೇ ಇದೆ ಎಂದು ಮೆರೆದವಳಿಗೆ ಅದು ಬದಲಾದದ್ದೇ ಗೊತ್ತಾಗಿರಲಿಲ್ಲ. ನಾಚಿಕೆ ಅವಳಿಗೆ ಅಭ್ಯಾಸವಿಲ್ಲದ ವಸ್ತು. ಜ್ವರ ಬರುತ್ತಿದೆಯೆಂದುಕೊಂಡು ಹಣೆ ಮುಟ್ಟಿ ನೋಡಿಕೊಂಡಳು.

ಆದರೂ ದರ್ಪ ಒಂದೇ ಏಟಿಗೆ ಸಾಯುವುದಿಲ್ಲ. ಸೊಸೆ ಒಂದು ಮೊಟ್ಟೆ ಒಡೆದು ಹಾಕಿ, ಅದು ಜಾರಿದ್ದನ್ನು ತೋರಿಸಿ, "ಬಣ್ಣ ಇನ್ನೂ ಕಂದು, ಹದಿನೈದು ದಿನ ಬಳಸಿದ್ರೆ ಕಪ್ಪಾಗುತ್ತೆ" ಎಂದಾಗ, ಬಾಣಲೆಯಮ್ಮ ಸಿಂಹಾಸನ ದಾನ ಮಾಡುವ ರಾಣಿಯ ಗತ್ತಿನಲ್ಲಿ ಹೇಳಿದಳು: "ಸರಿ. ನಾಳೆಯಿಂದ ಒಲೆ ಮುಂದೆ ನೀನೇ ಕೂತ್ಕೋ."

"ಆಗಲ್ಲ ಅತ್ತೆ. ನಾಳೆಯಿಂದ ಒಂದು ಕಾಲೇಜು ಹಾಸ್ಟೆಲಲ್ಲಿ ಅಡುಗೆ ಕೆಲಸಕ್ಕೆ ಹೋಗ್ತಿದೀನಿ. ಒಪ್ಕೊಂಡಾಯ್ತು."

"ಯಾವಾಗ ಒಪ್ಕೊಂಡೆ?"

"ರಕ್ತ, ಈರುಳ್ಳಿ ಅಂತ ಎಲ್ಲರ ಮುಂದೆ ಹೇಳಿದ್ರಲ್ಲ, ಅವತ್ತು. ನೀರಿಗೆ ಅಂತ ಹೋದೋಳು ಹಾಸ್ಟೆಲಿಗೆ ಫೋನ್ ಮಾಡಿ ಮಾತಾಡ್ಕೊಂಡು ಬಂದೆ."

"ಹಾಗಿದ್ಮೇಲೆ ಇದನ್ನ ಮೂರು ದಿನ ಕೂತು ಯಾಕೆ ಪಳಗಿಸಿದೆ?"

"ಬಾಣಲೆ ಏನು ಪಾಪ ಮಾಡಿತ್ತು?" ಎಂದಳು ಸೊಸೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬಾಣಲೆಯಮ್ಮ ಲೋಕವನ್ನು ನೋಡುತ್ತಿದ್ದ ಅದೇ ಕಣ್ಣಿನಲ್ಲಿ, ಮೇಲಿಂದ ಕೆಳಗೆ, ಸೊಸೆ ಅವಳನ್ನು ಒಮ್ಮೆ ನೋಡಿದಳು. ಹಾಗೆ ನೋಡಿಸಿಕೊಳ್ಳುವುದು ಹೇಗಿರುತ್ತದೆಂದು ಬಾಣಲೆಯಮ್ಮನಿಗೆ ತಿಳಿದದ್ದು ಅಂದೇ.

ಮರುದಿನ ಬೆಳಿಗ್ಗೆ ಮೂರು ಬೆಂಚೂ ತುಂಬಿದ್ದವು. ಮಗಳು ಬಾಣಲೆ ತೊಳೆದ ಸುದ್ದಿ ಡಿಪೋದ ಎಲ್ಲ ರೂಟಿನ ಬಸ್ಸುಗಳಲ್ಲೂ ಓಡಾಡಿತ್ತು. ಬಾಣಲೆಯಮ್ಮ ಒಲೆಯ ಮುಂದೆ ಕೂತಿದ್ದಳು. ಮಗ ಬಾಣಲೆ ಎತ್ತಿಟ್ಟು ಪಾಳಿಗೆ ಹೋಗಿದ್ದ. ಸೊಸೆ ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನ ಹತ್ತಿರ, ಹಾಸ್ಟೆಲಿನ ಕಡೆಯ ಬಸ್ಸಿಗೆ ಕಾಯುತ್ತಿದ್ದಳು.

ಹಳೆಯ ಕಂಡಕ್ಟರೊಬ್ಬ ಬಗ್ಗಿ ನೋಡಿ, "ಅಮ್ಮಾ, ಪರವಾಗಿಲ್ಲವೇ! ಮತ್ತೆ ಬಣ್ಣ ಬಂದಿದೆ. ನಿಮ್ಮತ್ತೆ ಪುಣ್ಯ ಕಣ್ರೀ, ತೊಳೆದ್ರೂ ಹೋಗಲಿಲ್ಲ" ಎಂದ.

ಎಷ್ಟು ಸುಲಭದ ಸುಳ್ಳು! ತಾನೇ ಹುಡುಕಿಕೊಂಡು ಬಂದು, ಬಾಯಿಗೆ ತುತ್ತಾಗಿ ಕೂತಿತ್ತು. ಹ್ಞೂಂ ಎಂದರೆ ಸಾಕು. ಬಾಣಲೆಯಮ್ಮ ಹ್ಞೂಂ ಎನ್ನಲೆಂದೇ ತಲೆ ಎತ್ತಿದಳು. ಬಸ್ಸು ತಿರುವಿನಲ್ಲಿ ಹಾರ್ನು ಹೊಡೆಯಿತು. ಸೊಸೆ ಒಂದು ಹೆಜ್ಜೆ ಮುಂದಿಟ್ಟಳು.

"ನಮ್ಮತ್ತೆದಲ್ಲ" ಎಂದಳು ಬಾಣಲೆಯಮ್ಮ, ಎದುರಿಗಿದ್ದ ಕಂಡಕ್ಟರಿಗಷ್ಟೇ ಕೇಳುವ ಹಾಗೆ. "ನನ್ನ ಸೊಸೇದು. ಆರು ವರ್ಷದಿಂದ ಅವಳದೇ. ನಂಗೆ ಗುರುತು ಹಿಡಿಯೋಕೆ ಬರಲಿಲ್ಲ."

ಬಸ್ಸು ಬಂದು ನಿಂತಿತು. ಸೊಸೆ ಹತ್ತಲಿಲ್ಲ, ಇತ್ತಲೂ ಬರಲಿಲ್ಲ. ನಿಂತಲ್ಲಿಂದಲೇ ಕೂಗಿದಳು.

"ಹಿಂದಿನ ಬೆಂಚಿನೋರಿಗೆ ಕೇಳಿಸಲಿಲ್ಲ ಅತ್ತೆ."

ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿದರು. ಎದುರಂಗಡಿಯವನು ಬಾಗಿಲಿಗೆ ಬಂದು ನಿಂತ. ಯಾರನ್ನು ಅವಳು ಮೂವತ್ತು ವರ್ಷ ಮನುಷ್ಯರ ಲೆಕ್ಕಕ್ಕೇ ಇಟ್ಟಿರಲಿಲ್ಲವೋ ಅವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಬಾಣಲೆಯಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು ನಿಂತು, ಇನ್ನೊಂದು ಸಲ, ರಸ್ತೆಯಾಚೆಗೂ ಕೇಳುವ ಹಾಗೆ ಅಷ್ಟನ್ನೂ ಹೇಳಿದಳು. ಕೊನೆಯ ಮಾತನ್ನೂ ನುಂಗಲಿಲ್ಲ.

ಬಸ್ಸು ಹೊರಟುಹೋಯಿತು. ಸೊಸೆ ಬಂದು ಚೀಲದಿಂದ ಮೊಬೈಲು ತೆಗೆದು ಅತ್ತೆಯ ಕೈಗಿಟ್ಟಳು.

"ಹಾಸ್ಟೆಲಿನವರಿಗೆ ಫೋನ್ ಮಾಡಿ, ಇವಳು ಬರಲ್ಲ ಅಂತ ಹೇಳಿ."

"ನಾನಾ?"

"ಮತ್ತೆ? ಮಾತಾಡೋದು ನಿಮಗೆ ತಾನೇ ಚೆನ್ನಾಗಿ ಬರೋದು? ಜಾಗ ಬಿಡಿ, ಜನ ಹಸಿದಿದ್ದಾರೆ."

ಬಾಣಲೆಯಮ್ಮ ಜಾಗ ಬಿಟ್ಟಳು.